ಮಧ್ಯಮ ಮಟ್ಟದ ಗುರ್ಕಾರ

ಹಿಮದ ಮೇಲೆ ಜಾರಿ ಬೀಳುವುದು ಪಾಪವಲ್ಲ. ಜಾರಲು ಹೆದರುವುದೇ ವಿಶ್ವಾಸದ ಕೊರತೆ!

ಈ ಮಹಾವಾಕ್ಯವನ್ನು ನಾನು ಊಟದ ಮೇಜಿನಿಂದ ಎದ್ದು ನಿಂತು, ಬಲಗೈಯನ್ನು ಮೇಲೆತ್ತಿ ಘೋಷಿಸಿದಾಗ ನನ್ನ ಧರ್ಮಪತ್ನಿ ಕಾರ್ಮಿನ್ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದಳು. ಆಕೆ ತಲೆಯೆತ್ತಲಿಲ್ಲ. ಪ್ರವಾದಿಗಳಿಗೆ ಸ್ವಂತ ಮನೆಯಲ್ಲಿ ಸಿಗುವ ಗೌರವ ಎಷ್ಟೆಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ.

ಮಸ್ಕತ್ತಿನ ಅಲ್ ಮಬೇಲಾದಲ್ಲಿ ಹದಿನೆಂಟು ವರ್ಷಗಳಿಂದ ನೆಲೆಸಿರುವ ಸಿಪ್ರಿಯನ್ ಎಂಬ ನಾನು ಹಗಲಿನಲ್ಲಿ ಒಂದು ಕಂಪೆನಿಯ ಉಗ್ರಾಣದ ಮೇಲ್ವಿಚಾರಕ. ಉಳಿದ ಹೊತ್ತಿನಲ್ಲಿ, ಉಡುಪಿ ಮಂಗಳೂರು ಕಡೆಯ ನಮ್ಮ ಕ್ರೈಸ್ತ ಕುಟುಂಬಗಳ ಪ್ರಾರ್ಥನಾ ಕೂಟಕ್ಕೆ ಗುರ್ಕಾರ, ಅಂದರೆ ಮುಂದಾಳು. ಜಪಸರ ನಡೆಸುವವನು ನಾನೇ, ಅದರ ಕೊನೆಗೆ ಹತ್ತು ನಿಮಿಷದ ಪ್ರವಚನ ಮಾಡುವವನೂ ನಾನೇ. ಹತ್ತು ನಿಮಿಷ ನಲವತ್ತಾಗುತ್ತದೆಂದು ಕೆಲವರು ದೂರುತ್ತಾರೆ. ಅವರಿಗಾಗಿಯೂ ನಾನು ಪ್ರಾರ್ಥಿಸುತ್ತೇನೆ.

ಈ ವರ್ಷ ನಮ್ಮ ವಿವಾಹದ ಬೆಳ್ಳಿಹಬ್ಬ. ಕೂಟದ ಆರು ಕುಟುಂಬಗಳು ಸೇರಿ ಜನವರಿಯಲ್ಲಿ ಜಾರ್ಜಿಯಾ ದೇಶಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಮೊದಲು ಮ್ತ್ಸ್‌ಖೇತಾ ಎಂಬ ಪುರಾತನ ಪಟ್ಟಣ. ಹೆಸರು ಉಚ್ಚರಿಸುವುದರಲ್ಲೇ ಅರ್ಧ ತಪಸ್ಸು ಮುಗಿಯುತ್ತದೆ! ಅಲ್ಲಿಯ ಪ್ರಾಚೀನ ಮಹಾದೇವಾಲಯದಲ್ಲಿ ಕರ್ತರಾದ ಯೇಸುವಿನ ಅಂಗಿ ಇದೆಯೆಂಬ ಪ್ರತೀತಿ. ಅದನ್ನು ನೋಡಿ ಮುಂದೆ ಪರ್ವತವೇರಿದರೆ ಹಿಮದ ರೆಸಾರ್ಟು. ಅಲ್ಲಿ ಎರಡು ದಿನ ಸ್ಕೀ. ರೆಸಾರ್ಟಿನವರು ಕಳುಹಿಸಿದ್ದ ಫಾರಂನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಚೌಕಗಳಿದ್ದವು: ಆರಂಭಿಕ, ಮಧ್ಯಮ, ಪರಿಣತ.

ನಾನು ಕಣ್ಣುಮುಚ್ಚಿ ವಿವೇಚಿಸಿದೆ. ಪರಿಣತ ಎಂದು ಗುರುತು ಹಾಕಿದರೆ ಅದು ಅಹಂಕಾರ. ಆರಂಭಿಕ ಎಂದರೆ ದೇವರು ಕೊಟ್ಟ ಗಟ್ಟಿ ಕೈಕಾಲುಗಳಿಗೆ ಮಾಡುವ ಅವಮಾನ. ಹಾಗಾದರೆ ವಿನಯವಂತನ ಸ್ಥಾನ ಯಾವುದು? ಮಧ್ಯಮ! ಕೇವಲ ವಿನಯದಿಂದ ನಾನು ನಡುವಿನ ಚೌಕಕ್ಕೆ ಗುರುತು ಹಾಕಿದೆ. ಅದುವರೆಗೆ ನಾನು ಕಣ್ಣಾರೆ ಕಂಡಿದ್ದ ಹಿಮವೆಂದರೆ ನಮ್ಮ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಅಂಜಲ್ ಮೀನಿನ ಸುತ್ತ ಕಟ್ಟಿಕೊಂಡದ್ದು ಎಂಬ ಅಂಶವನ್ನು ಫಾರಂ ಕೇಳಿರಲಿಲ್ಲ.

"ನಿಮ್ಗೆ ಮಂಡೆ ಸಮ ಉಂಟಾ?" ಎಂದಳು ಕಾರ್ಮಿನ್. "ಸ್ಕೀ ಅಂದ್ರೆ ಎಂಥದ್ದೂಂತ ಆದ್ರೂ ಗೊತ್ತುಂಟಾ?"

"ಗೊತ್ತುಂಟು. ಎರಡು ಉದ್ದದ ಪಟ್ಟಿ ಕಾಲಿಗೆ ಸಿಕ್ಕಿಸಿ ಗುಡ್ಡ ಇಳಿಯುವುದು. ಇಳಿಯಲಿಕ್ಕೆ ಯಾರಾದ್ರೂ ಕಲೀಬೇಕಾ? ಭೂಮಿಯೇ ಎಳ್ಕೊಳ್ತದೆ."

"ಅದು ಸರಿ. ನನ್ನ ಹೆಸರಿನ ಎದುರು ಎಂಥ ಹಾಕಿದ್ದೀರಿ?"

"ಮಧ್ಯಮವೇ. ಇಪ್ಪತ್ತೈದು ವರ್ಷದ ಹಿಂದೆ ಇಗರ್ಜಿಯಲ್ಲಿ ಇಬ್ಬರನ್ನೂ ಒಂದು ಮಾಡಿ ಕಳಿಸಿದ್ದಾರೆ. ಈಗ ಮಟ್ಟ ಬೇರೆ ಬೇರೆ ಆಗ್ತದಾ?"

ಮೊಬೈಲಿನಿಂದ ಕಣ್ಣು ಕೀಳದೆ ಕುಳಿತಿದ್ದ ಮಗಳು ಓಲಿವಿಯಾ ನಡುವೆ ಬಾಯಿ ಹಾಕಿದಳು. "ಡ್ಯಾಡಾ, ಇಂಟರ್‌ಮೀಡಿಯೇಟ್ ಅಂದ್ರೆ ರೆಡ್ ರನ್, ಫುಲ್ ಸ್ಟೀಪ್ ದಾರಿ. ಗ್ರೀನ್ ಅಲ್ಲ, ರೆಡ್! ನೋ ಟೀಚರ್. ಲಿಫ್ಟ್‌ನಲ್ಲಿ ಟಾಪಿಗೆ ಕರ್ಕೊಂಡು ಹೋಗಿ ಬಿಡ್ತಾರೆ, ಅಷ್ಟೇ."

"ಮತ್ತೆ ಕೆಳಗೆ ಬರುವುದು?" ಎಂದಳು ಕಾರ್ಮಿನ್.

"ದಟ್ಸ್ ಯುವರ್ ಪ್ರಾಬ್ಲಮ್, ಮಮ್ಮಾ."

ಕಾರ್ಮಿನ್ ಮುಳ್ಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಕೆ ತಟ್ಟೆ ಸರಿಸಿದಳೆಂದರೆ ತೀರ್ಪು ಬಂತೆಂದೇ ಅರ್ಥ. "ಕೇಳಿ. ನಂಗೆ ಆ ಹಳೇ ಇಗರ್ಜಿ ನೋಡ್ಬೇಕು, ಹಿಮ ಕೈಯಲ್ಲಿ ಮುಟ್ಬೇಕು. ಅಷ್ಟೇ ಆಸೆ. ಸೊಂಟ ಮುರ್ಕೊಂಡು ಸ್ಟ್ರೆಚರ್‌ನಲ್ಲಿ ಬರ್ಲಿಕ್ಕೆ ನಾನಿಲ್ಲ. ಶುಕ್ರವಾರ ತೇರ್ಸ್ ಆದ ಮೇಲೆ ನೊರ್ಬರ್ಟ್ ರೆಸಾರ್ಟಿಗೆ ಹೆಸರಿನ ಪಟ್ಟಿ ಕಳಿಸ್ತಾನಲ್ಲ? ಅದ್ರ ಮೊದ್ಲು ಅವನಿಗೆ ಫೋನ್ ಮಾಡಿ ಬದಲ್ಸಿ. ಇಲ್ಲಾಂದ್ರೆ ನೀವೊಬ್ರೇ ಹೋಗಿ ಜುಬಿಲಿ ಮಾಡ್ಕೊಂಡು ಬನ್ನಿ!"

ತೇರ್ಸ್ ಎಂದರೆ ನಮ್ಮ ಕೊಂಕಣಿಯಲ್ಲಿ ಜಪಸರ. ಅಕ್ಟೋಬರ್ ತಿಂಗಳಿಡೀ ಅದು ಮನೆಯಿಂದ ಮನೆಗೆ ಸಾಗುತ್ತದೆ. ಆ ಶುಕ್ರವಾರ ನೊರ್ಬರ್ಟನ ಮನೆಯ ಸರದಿ. ನೊರ್ಬರ್ಟ್ ನಮ್ಮ ಪ್ರವಾಸದ ವ್ಯವಸ್ಥಾಪಕ, ಪರೋಪಕಾರಿ, ಒಳ್ಳೆಯ ಗಾಯಕ. ಆದರೆ ಅವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಒಂದು ಕಡೆ ಒಮಾನಿನ ಸೂರ್ ಬಂದರಿನವರೆಗೆ, ಇನ್ನೊಂದು ಕಡೆ ರುಸ್ತಾಕಿನ ಕೋಟೆಯವರೆಗೆ ಹೋಗಿ ಬರುತ್ತದೆ! ಅಂಥವನಿಗೆ ಫೋನು ಮಾಡಿ, "ತಮ್ಮಾ, ನಾನು ಆರಂಭಿಕ" ಎಂದು ಹೇಳಬೇಕೆ? ಹಿಂದಿನ ವಾರವಷ್ಟೇ ಅವನ ಮುಂದೆ ಧೈರ್ಯದ ಬಗ್ಗೆ ಐವತ್ತು ನಿಮಿಷ ಪ್ರವಚನ ಮಾಡಿದ ನಾನು?

"ಕಾರ್ಮಿನ್," ಎಂದೆ ಗಂಭೀರವಾಗಿ, "ಶುಕ್ರವಾರ ಸಂಜೆಯೊಳಗೆ ನಾನು ಸ್ಕೀ ಮೇಲೆ ನಿಂತು ಇಳಿದು ತೋರಿಸ್ತೇನೆ. ಆಗದಿದ್ರೆ ನಾನೇ ಬದಲಿಸ್ತೇನೆ."

"ಮಬೇಲಾದಲ್ಲಿ? ಎಲ್ಲಿ, ಕುಲ್ಫಿ ಗಾಡಿಯ ಮೇಲಾ?"

ಸತ್ಕಾರ್ಯಕ್ಕೆ ದೇವರೇ ದಾರಿ ತೋರಿಸುತ್ತಾನೆ. ನಮ್ಮ ಕಚೇರಿಯಲ್ಲಿ ಆಸ್ಟ್ರಿಯಾ ದೇಶದ ಎಂಜಿನಿಯರರೊಬ್ಬರಿದ್ದರು. ಒಮಾನಿಗೆ ಬರುವಾಗ ಸ್ಕೀ ಪಟ್ಟಿ, ಬೂಟುಗಳನ್ನೂ ಹೊತ್ತು ತಂದಿದ್ದ ಆ ಮಹಾನುಭಾವರು ಊರಿಗೆ ಮರಳುವಾಗ ಅವನ್ನು ಉಗ್ರಾಣದ ಮೂಲೆಯಲ್ಲೇ ಬಿಟ್ಟುಹೋಗಿದ್ದರು. ಬೂಟುಗಳೆಂದರೆ ಸಾಮಾನ್ಯ ಬೂಟುಗಳಲ್ಲ! ಮೊಣಕಾಲಿನ ಹತ್ತಿರದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಕೋಟೆಗಳು. ಒಂದೊಂದಕ್ಕೂ ನಾಲ್ಕು ಲೋಹದ ಕೊಕ್ಕೆಗಳು. ಗುರುವಾರ ಅವನ್ನು ಮನೆಗೆ ಸಾಗಿಸಿದೆ. ಅಷ್ಟರಲ್ಲಿ ರೆಸಾರ್ಟಿನ ನಕ್ಷೆಯನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅದರಲ್ಲಿದ್ದ ಆರು ಕೆಂಪು ದಾರಿಗಳನ್ನು ಬೆರಳಿನಿಂದ ಇಳಿದು ಕಂಠಪಾಠ ಮಾಡಿದ್ದೆ. ಮೂರನೆಯ ದಾರಿಯಲ್ಲಿ ಪೈನ್ ಮರಗಳ ನಡುವೆ ಒಂದು ಕಡಿದಾದ ತಿರುವು ಇದೆ. ಅಲ್ಲಿ ಎಡಕ್ಕೆ ವಾಲಬೇಕು. ಬೆರಳು ಪ್ರತಿ ಸಲವೂ ಸಲೀಸಾಗಿ ವಾಲಿತ್ತು.

ಪರ್ವತವೂ ಸಿಕ್ಕಿತು. ನಮ್ಮ ಕಟ್ಟಡದ ಹಿಂದೆ ಯೂಸುಫ್ ಎಂಬ ಒಮಾನಿ ಸಜ್ಜನರು ಮನೆ ಕಟ್ಟಿಸುತ್ತಿದ್ದರು. ಅಲ್ಲಿ ಸುರಿದಿದ್ದ ಮರಳಿನ ರಾಶಿ ಮೊದಲ ಮಹಡಿಯ ಕಿಟಕಿಯ ಎತ್ತರಕ್ಕಿತ್ತು! ಶುಕ್ರವಾರ ಬೆಳಿಗ್ಗೆ ಬಲಿಪೂಜೆ ಮುಗಿಸಿ (ವಾರದ ರಜೆ ಶುಕ್ರವಾರವಾದ್ದರಿಂದ ಇಲ್ಲಿ ನಮ್ಮ ಭಾನುವಾರವೂ ಅಂದೇ ಬರುತ್ತದೆ), ಊಟದ ನಂತರ ಕಾರ್ಮಿನ್ ಮಲಗಿದ್ದನ್ನು ಖಚಿತಪಡಿಸಿಕೊಂಡು, ನಾಲ್ಕು ಗಂಟೆಗೆ ಬೂಟು ಧರಿಸಿದೆ. ಅಸಾಧ್ಯ ನೋವಾಯಿತು. ಹಿಗ್ಗಿದೆ! ನೋವಿಲ್ಲದ ಸಾಧನೆ ಸಾಧನೆಯೇ ಅಲ್ಲವೆಂದು ನಾನೇ ಎಷ್ಟೋ ಸಲ ಬೋಧಿಸಿಲ್ಲವೇ? ಉಸಿರು ಬಿಗಿಹಿಡಿದು, ಎಂಟೂ ಕೊಕ್ಕೆಗಳನ್ನು ಕಡೆಯ ಹಲ್ಲಿಗೇ ಸಿಕ್ಕಿಸಿದೆ.

ಇನ್ನು ಮರಳು ಒರಟು; ಪಟ್ಟಿ ಜಾರಬೇಡವೆ? ನಮ್ಮೂರಿನಲ್ಲಿ ಕಿರುಗುಟ್ಟುವ ಕದಕ್ಕೂ, ತುಕ್ಕು ಹಿಡಿದ ಬೀಗಕ್ಕೂ, ಕಾದ ತಲೆಗೂ ಒಂದೇ ಮದ್ದು: ತೆಂಗಿನೆಣ್ಣೆ! ಕಾರ್ಮಿನಳ ತಾಯಿ ಊರಿನಿಂದ ಗಾಣದಲ್ಲಿ ತೆಗೆಸಿ ಕಳುಹಿಸಿದ್ದ ಬಾಟಲಿಯನ್ನು ಕಪಾಟಿನಿಂದ ಇಳಿಸಿ, ಎರಡೂ ಪಟ್ಟಿಗಳಿಗೆ ಅಭ್ಯಂಜನ ಮಾಡಿಸಿದೆ.

ಮರಳರಾಶಿಯ ತುದಿಯಲ್ಲಿ ಪಟ್ಟಿಗಳನ್ನು ಬೂಟಿಗೆ ಸಿಕ್ಕಿಸಿಕೊಂಡು ನಿಂತಾಗ, ಮೂವತ್ತಾರು ಡಿಗ್ರಿ ಬಿಸಿಲಿನಲ್ಲಿಯೂ ನನಗೆ ಜಾರ್ಜಿಯಾದ ತಂಗಾಳಿ ತಗುಲಿತು. ಕೆಳಗೆ ಯೂಸುಫ್ ಚಹಾದ ಲೋಟ ಹಿಡಿದು ನಿಂತಿದ್ದರು.

"ಸಿಪ್ರಿಯನ್! ಯೇ ಕ್ಯಾ ಹೈ?"

"ಸ್ಕೀ!"

"ಬರ್ಫ್ ಕಿಧರ್ ಹೈ?" ಹಿಮ ಎಲ್ಲಿ ಎಂದು ಅವರ ಪ್ರಶ್ನೆ. ನ್ಯಾಯವಾದದ್ದೇ.

"ಜನವರಿ ಮೇಂ!" ಎಂದೆ.

ಅವರು ನೆತ್ತಿಯ ಮೇಲಿನ ನಿರ್ಮಲ ಆಕಾಶವನ್ನೊಮ್ಮೆ ನೋಡಿ, "ಇನ್‌ಶಾ ಅಲ್ಲಾ," ಎಂದು ಚಹಾ ಹೀರಿದರು.

ಶಿಲುಬೆಯ ಗುರುತು ಮಾಡಿ ಮುಂದಕ್ಕೆ ವಾಲಿದೆ. ಓದುಗರೇ, ಎಣ್ಣೆಗೂ ಮರಳಿಗೂ ಇರುವ ಗಾಢವಾದ ಸ್ನೇಹವನ್ನು ನಾನು ಅಂದು ಅರಿತೆ. ಪಟ್ಟಿಗಳ ಅಡಿಯಲ್ಲಿ ಮರಳು ಒಬ್ಬಟ್ಟಿನ ಹೂರಣದಂತೆ ಮೆತ್ತಿಕೊಂಡಿತ್ತು. ಪಟ್ಟಿಗಳು ಕದಲಲಿಲ್ಲ, ನಾನು ಕದಲಿದೆ! ಪಟ್ಟಿಗಳಿಂದ ಬೂಟು ಟಪ್ಪನೆ ಕಳಚಿಕೊಂಡಿತು. ಪಟ್ಟಿಗಳು ಶಿಖರದಲ್ಲೇ ಉಳಿದವು. ನಾನು ಮುಖದ ಮೇಲೆ ಆರಂಭಿಸಿ, ಬೆನ್ನಿನ ಮೇಲೆ ಮುಂದುವರಿದು, ಯೂಸುಫರ ಪಾದಗಳ ಬಳಿ ಮುಕ್ತಾಯಗೊಂಡೆ.

"ಖಲಾಸ್?" ಎಂದು ಅವರು ಬಗ್ಗಿ ಕೇಳಿದರು.

"ಖಲಾಸ್," ಎಂದೆ, ಮರಳು ಉಗಿಯುತ್ತ.

ಅವಮಾನ ಅಲ್ಲಿಗೇ ಮುಗಿದಿದ್ದರೆ ಗುಟ್ಟಾಗಿ ಉಳಿಯುತ್ತಿತ್ತು. ಮನೆಗೆ ಬಂದು ಸೋಫಾದ ಮೇಲೆ ಕುಳಿತು ಕೊಕ್ಕೆ ಬಿಚ್ಚಲು ಹೋದರೆ, ಒಂದೂ ಕದಲುತ್ತಿಲ್ಲ! ಬಿದ್ದ ರಭಸಕ್ಕೆ ಕೊಕ್ಕೆಗಳು ಒಂದಕ್ಕೊಂದು ಬಡಿದು ಬಗ್ಗಿದ್ದವು. ಸಂದುಗಳಲ್ಲಿ ಎಣ್ಣೆ ಮರಳು ಸಿಮೆಂಟಾಗಿತ್ತು. ಒಳಗೆ ಪಾದಗಳು ಸೆಖೆಗೆ ಊದಿ ಹಲಸಿನ ಹಣ್ಣಾಗಿದ್ದವು. ಶಬ್ದಕ್ಕೆ ಕಾರ್ಮಿನ್ ಎದ್ದು ಬಂದಳು. ಮರಳು ನೋಡಿದಳು, ಬೂಟು ನೋಡಿದಳು. ಕೊನೆಗೆ ಎಣ್ಣೆಯ ಬಾಟಲಿ ನೋಡಿದಳು.

"ಅದು ನನ್ನ ಅಮ್ಮ ಕಳಿಸಿದ ಎಣ್ಣೆ!"

"ಬೂಟು ಬರ್ತಾ ಇಲ್ಲ, ಕಾರ್ಮಿನ್."

"ಬರುವುದು ಬೇಡ. ಅದ್ರಲ್ಲೇ ಇರಿ. ಜನವರಿಯಲ್ಲಿ ಹಾಕುವ ಕೆಲಸ ಉಳೀತದೆ."

ಆದರೂ ಎಳೆದಳು. ಆಕೆ ಬಲಗಾಲು, ಓಲಿವಿಯಾ ಎಡಗಾಲು. ನಾನು ಸೋಫಾದಿಂದ ಜಾರದಿರಲೆಂದು ಕಿಟಕಿಯ ಪರದೆಯನ್ನು ಹಿಡಿದುಕೊಂಡೆ. "ಯಲ್ಲಾ! ಒನ್, ಟೂ, ತ್ರೀ!" ಎಂದಳು ಓಲಿವಿಯಾ. ಮೂರನೆಯ ಎಣಿಕೆಗೆ ಬಂದದ್ದು ಬೂಟಲ್ಲ. ಪರದೆ, ಪರದೆಯ ಸರಳು, ಸರಳಿನೊಂದಿಗೆ ಗೋಡೆಯ ಒಂದು ಅಂಗೈ ಗಾರೆ. ಪಾತ್ರೆ ತೊಳೆಯುವ ಸಾಬೂನು ಸುರಿದರು. ಬೂಟಿನೊಳಗೆ ನೊರೆ ಎದ್ದಿತೇ ಹೊರತು ಪಾದ ಏಳಲಿಲ್ಲ. ಗಡಿಯಾರ ಆರೂಕಾಲು ತೋರಿಸಿತು. ಆರೂವರೆಗೆ ಜಪಸರ!

"ಹುಷಾರಿಲ್ಲ ಅಂತ ಹೇಳಿ ಬಿಡುವ," ಎಂದಳು ಕಾರ್ಮಿನ್.

"ಹೇಳಿದ್ರೆ ನೊರ್ಬರ್ಟ್ ಇಡೀ ಕೂಟ ಕಟ್ಕೊಂಡು ರೋಗಿಯ ಭೇಟಿಗೆ ಇಲ್ಲಿಗೇ ಬರ್ತಾನೆ!"

ಬೂಟಿನ ಮೇಲಿಂದ ಪ್ಯಾಂಟು ತೆಗೆಯಲಾಗದು, ಹಾಕಲೂ ಆಗದು. ಎಣ್ಣೆ ಮರಳು ಮೆತ್ತಿದ ಪ್ಯಾಂಟಿನ ಮೇಲೆಯೇ ಮದುವೆಮನೆಗಳಿಗೆ ಉಡುವ ಬಿಳಿ ಪಂಚೆಯನ್ನು ನೆಲ ಮುಟ್ಟುವಂತೆ ಸುತ್ತಿಕೊಂಡೆ. ಎರಡು ಬೀದಿ ಆಚೆಗಿನ ನೊರ್ಬರ್ಟನ ಮನೆಗೆ ನಡೆದ ಬಗೆಯನ್ನು ವರ್ಣಿಸಲಾರೆ. ಎದುರು ಬಂದ ಬೆಕ್ಕೊಂದು ದಾರಿ ಬದಲಿಸಿತು.

ನೊರ್ಬರ್ಟನ ಬಾಗಿಲಲ್ಲಿ ಮೂವತ್ತು ಜೊತೆ ಚಪ್ಪಲಿಗಳು ಸಾಲಾಗಿ ಕುಳಿತಿದ್ದವು. ಅವುಗಳ ಮೇಲೆ, ಜಪಸರದೊಂದಿಗೆ ಮನೆಯಿಂದ ಮನೆಗೆ ಸಾಗುವ ಫಲಕ, ನನ್ನದೇ ದುಂಡು ಅಕ್ಷರಗಳಲ್ಲಿ: "ಪಾದರಕ್ಷೆಗಳನ್ನು ಹೊರಗೆ ಬಿಡಿ. ಅಹಂಕಾರವನ್ನೂ." ಪ್ರಾರ್ಥನೆಯ ಕೋಣೆಗೆ ಚಪ್ಪಲಿ ಕೂಡದೆಂಬ ಕಟ್ಟಳೆ ನನ್ನದೇ. ಒಮ್ಮೆ ಕಾಲುಚೀಲವನ್ನೂ ಬಿಚ್ಚಿಸಿದ್ದೇನೆ.

ಕೂಟ ಎದ್ದುನಿಂತಿತು. ಅಮೃತಶಿಲೆಯ ನೆಲದ ಮೇಲೆ ನಾನು ಠಕ್, ಠಕ್, ಠಕ್ ಎಂದು ಒಳಹೊಕ್ಕೆ.

"ಗುರ್ಕಾರ್ ಬಾಬ್, ಎಂಥದ್ದು ಶಬ್ದ?" ಎಂದ ನೊರ್ಬರ್ಟ್. ಪಂಚೆಯ ಕೆಳಗಿನ ಉಬ್ಬು ಕಂಡು ಅವನ ಮುಖ ಬಾಡಿತು. "ಅಯ್ಯೋ ದೇವಾ! ಪ್ಲಾಸ್ಟರಾ? ಎರಡೂ ಕಾಲಿಗಾ?"

"ಪಾದಕ್ಕೆ... ಸ್ವಲ್ಪ..." ಎಂದು ನಾನು ಕಣ್ಣುಮುಚ್ಚಿದೆ.

ಸುಳ್ಳು ಹೇಳಲಿಲ್ಲ ಎಂದು ಆಗ ಸಮಾಧಾನಪಟ್ಟುಕೊಂಡೆ. ಆದರೆ ಅರ್ಧಕ್ಕೆ ನಿಲ್ಲಿಸಿದ ಸತ್ಯದ ಉಳಿದರ್ಧವನ್ನು ಸೈತಾನನೇ ಪೂರ್ತಿಗೊಳಿಸುತ್ತಾನೆ. "ನೋಡಿ, ಇಂಥ ನೋವಿನಲ್ಲೂ ತೇರ್ಸ್ ತಪ್ಪಿಸ್ಲಿಲ್ಲ!" ಎಂದು ಕಂಬನಿ ಒರೆಸಿಕೊಂಡ ನೊರ್ಬರ್ಟ್, ಜಪಸರದ ಮೊದಲ ದಶಕವನ್ನು, ಅಂದರೆ ಮೊದಲ ಹತ್ತು ಮಣಿಗಳ ಜಪವನ್ನು, ಗುರ್ಕಾರರ ಬಲಪಾದಕ್ಕೆ ಸಮರ್ಪಿಸಿದ. ಎರಡನೆಯದನ್ನು ಎಡಪಾದಕ್ಕೆ! ಮೂವತ್ತು ಮಂದಿ ಮುಗ್ಧಜನ ನನ್ನ ಹೆಬ್ಬೆರಳುಗಳ ಮೇಲೆ ದೇವಕೃಪೆಯನ್ನು ಬೇಡುತ್ತಿದ್ದರು. ಮೂಲೆಯಲ್ಲಿದ್ದ ಕಾರ್ಮಿನ್ ನನ್ನನ್ನೇ ನೋಡುತ್ತಿದ್ದಳು, ಮಣಿಯೊಂದೂ ಮುಂದೆ ಸಾಗದೆ. ಪ್ರಾರ್ಥನೆ ಮುಗಿಯುತ್ತಿದ್ದಂತೆ ಪಟ್ಟಿ ಹೊರಡುತ್ತದೆ. ಆಕೆಯ ಹಿಮವೂ, ಆ ಹಳೆಯ ದೇವಾಲಯವೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ನಾಲಿಗೆ ಏಳಲಿಲ್ಲ.

ಕೊನೆಗೆ ಎಲ್ಲರೂ ಮೊಣಕಾಲೂರುವ ಘಳಿಗೆ ಬಂತು. ಸ್ಕೀ ಬೂಟಿಗೆ ಕಣಕಾಲು ಎಂಬುದಿಲ್ಲ. ಅದು ಮನುಷ್ಯನನ್ನು ಮುಂದಕ್ಕೆ ವಾಲಿಸುತ್ತದೆ, ಆದರೆ ಮಡಚಲು ಬಿಡುವುದಿಲ್ಲ. ನಾನು ಬಗ್ಗಿದೆ. ಇನ್ನಷ್ಟು ಬಗ್ಗಿದೆ. ಆಮೇಲೆ ಕಡಿದ ತೆಂಗಿನ ಮರದಂತೆ ಮಾತೆಯ ಪ್ರತಿಮೆಯ ಮುಂದೆ ಉದ್ದಕ್ಕೆ ಉರುಳಿದೆ, ಕೈಗಳೆರಡನ್ನೂ ಅಗಲಿಸಿ!

"ಎಂಥ ಭಕ್ತಿ!" ಎಂದು ಯಾರೋ ಪಿಸುಗುಟ್ಟಿದರು. ಮರುಕ್ಷಣ ಧಪ ಧಪ ಸದ್ದಾಯಿತು. ತಲೆ ತಿರುಗಿಸಿ ನೋಡುತ್ತೇನೆ: ಗುರ್ಕಾರನನ್ನು ಅನುಸರಿಸಿ ಇಡೀ ಕೂಟ ನೆಲಕ್ಕೆ ಮುಖವಿಟ್ಟು ಉದ್ದಂಡ ಬಿದ್ದುಕೊಂಡಿದೆ!

ಬೀಳದೆ ಉಳಿದವರೊಬ್ಬರೇ: ಶಿರ್ವದಿಂದ ಬಂದಿದ್ದ ನೊರ್ಬರ್ಟನ ತಾಯಿ. ಮಂಡಿನೋವಿನಿಂದ ಕುರ್ಚಿಯಲ್ಲಿ ಕುಳಿತಿದ್ದ ಅವರಿಗೆ, ಪಂಚೆ ಸರಿದ ನನ್ನ ಕಾಲುಗಳು ನೇರ ಕಾಣುತ್ತಿದ್ದವು.

"ಪುತಾ," ಎಂದರು ಆ ಹಿರಿಯ ಜೀವ, "ಇದು ಪ್ಲಾಸ್ಟರ್ ಅಲ್ಲ, ಬೂಟ್ಸು. ಅದೂ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೀಯಲ್ಲ ನೀನು!"

ಮೂವತ್ತು ತಲೆಗಳು ಏಕಕಾಲಕ್ಕೆ ಮೇಲೆದ್ದವು. ಇನ್ನು ಅಡಗಲು ಪಂಚೆಯೂ ಇರಲಿಲ್ಲ. ಅಮೃತಶಿಲೆಗೆ ಕೆನ್ನೆಯಿಟ್ಟೇ ನಾನು ನಿವೇದಿಸಿಕೊಂಡೆ.

"ನನ್ನ ಪಾದಕ್ಕೆ ಏನೂ ಆಗಿಲ್ಲ. ಇದು ಸ್ಕೀ ಬೂಟು. ಮರಳಿನ ಗುಡ್ಡೆಯಿಂದ ಬಿದ್ದೆ. ನಾನು ಮಧ್ಯಮ ಅಲ್ಲ. ಆರಂಭಿಕ ಅನ್ನಲಿಕ್ಕೂ ಯೋಗ್ಯತೆ ಇಲ್ಲ. ಕಾರ್ಮಿನಳ ಹೆಸರಿನ ಮುಂದೆಯೂ ಕೇಳದೇ ಗುರುತು ಹಾಕಿದೆ. ನಾನು ತಪ್ಪು ಮಾಡಿದೆ. ನೊರ್ಬರ್ಟ್, ಪಟ್ಟಿ ಬದಲಿಸು ಮಾರಾಯ. ಅವಳು ಬಾರದೆ ನಾನು ಎಲ್ಲಿಗೂ ಹೋಗುವುದಿಲ್ಲ!"

ಯಾರೂ ನಗಲಿಲ್ಲ, ಅದೇ ಹೆಚ್ಚು ಉರಿಯಿತು. ನೊರ್ಬರ್ಟನ ತಾಯಿ ಊರುಗೋಲಿನ ತುದಿಯನ್ನು ಕೊಕ್ಕೆಗಳ ಕೆಳಗೆ ತೂರಿಸಿ, ಹಳೆಯ ಟ್ರಂಕಿನ ಚಿಲಕ ಎಬ್ಬಿಸುವಂತೆ ಟಕ್, ಟಕ್ ಎಂದು ಒಂದೊಂದಾಗಿ ಎಬ್ಬಿಸಿದರು. ಬೂಟಿನಿಂದ ನನ್ನ ಪಾದ ಹೊರಬಂದಾಗ ಅದರೊಂದಿಗೆ ಸಾಬೂನಿನ ನೊರೆ, ಯೂಸುಫರ ಒಂದು ಬೊಗಸೆ ಮರಳು ಹಾಗೂ ತೆಂಗಿನೆಣ್ಣೆಯ ಪರಿಮಳ ಬಂದವು. ಆಮೇಲೆ ನಕ್ಕರು. ಇಡೀ ಕೂಟ ನಕ್ಕಿತು. ನಾನೂ ನಕ್ಕೆ; ಹಗುರವಾಗಿತ್ತು.

ನೊರ್ಬರ್ಟ್ ಕಣ್ಣೊರೆಸಿಕೊಂಡು ಮೊಬೈಲು ತೆಗೆದ. "ಪಟ್ಟಿ ಬದಲಿಸುವುದು ಎಂಥದ್ದು ಬಾಬ್? ಕಾರ್ಮಿನ್ ಬಾಯಿಯವ್ರು ಮಂಗಳವಾರವೇ ಫೋನ್ ಮಾಡಿ ಬದಲ್ಸಿ ಆಯ್ತು. ಬುಧವಾರ ನಾನು ಕಳಿಸಿಯೂ ಆಯ್ತು. ನೋಡಿ: ಕಾರ್ಮಿನ್, ಆರಂಭಿಕ. ಓಲಿವಿಯಾ, ಆರಂಭಿಕ. ಸಿಪ್ರಿಯನ್..." ಎಂದು ಗಂಟಲು ಸರಿಪಡಿಸಿಕೊಂಡ. "ಸಿಪ್ರಿಯನ್, ಸ್ಕೀ ಇಲ್ಲ. ಕೆಳಗೆ ಕೂತು ಎಲ್ಲರ ಬ್ಯಾಗು ನೋಡಿಕೊಳ್ಳುವವರು."

ನೊರ್ಬರ್ಟನ ಬಾಯಲ್ಲಿ ಒಂದು ಮಾತು ಮೂರು ದಿನ ನಿಂತಿತ್ತು! ಕಡಲು ಸೀಳಿದ್ದಕ್ಕಿಂತ ದೊಡ್ಡ ಪವಾಡ. ಬಾಯಿಬಿಟ್ಟರೆ ಈ ಕ್ರಿಸ್ಮಸ್ಸಿಗೆ ಅವನ ಮನೆಗೆ ತನ್ನ ಕೈಯ 'ಕುಸ್ವಾರ್' ತಿಂಡಿ ಬಾರದೆಂದು ಕಾರ್ಮಿನ್ ಎಚ್ಚರಿಸಿದ್ದಳಂತೆ.

ಬೂಟುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಬರಿಗಾಲಲ್ಲಿ ಆಕೆಯ ಪಕ್ಕದಲ್ಲಿ ಮನೆಗೆ ನಡೆದೆ.

"ಪಟ್ಟಿ ಬದಲಾಗಿದೆ ಅಂತ ಗೊತ್ತಿದ್ದೂ ನನ್ನನ್ನು ಸುಮ್ಮನೆ ಬಿಟ್ಟೆಯಲ್ಲ ಕಾರ್ಮಿನ್? ಒಂದು ಮಾತು ಹೇಳ್ಬಾರದಿತ್ತಾ?"

ಕಾರ್ಮಿನ್ ನಿಂತಳು. ಅವಳ ಮುಖದಲ್ಲಿ ನಾನು ಮದುವೆಯ ದಿನದ ನಂತರ ಕಾಣದಿದ್ದ ಕಾಂತಿಯಿತ್ತು.

"ಹೇಳಿದ್ರೆ ನಂಗೆ ಇದು ಸಿಗ್ತಿತ್ತಾ? ಇಪ್ಪತ್ತೈದು ವರ್ಷದಲ್ಲಿ ನಿಮ್ಮ ಬಾಯಿಯಿಂದ 'ನಾನು ತಪ್ಪು ಮಾಡಿದೆ' ಅಂತ ಕೇಳಿದ್ದು ಇವತ್ತೇ ಮೊದ್ಲು. ಅದೂ ಮೂವತ್ತು ಸಾಕ್ಷಿಗಳ ಎದುರು! ಇನ್ನು ಆ ವಿಮಾನ ಹಾರಿದ್ರೂ ಸಮ, ಹಾರದಿದ್ರೂ ಸಮ. ನನ್ನ ಜುಬಿಲಿ ಆಯ್ತು!"